ಪೋರ್ಟಿಕೋದಲ್ಲಿ ಒಂದು ಪೋಲೊ

ಸಣ್ಣ ಮೈ, ದೊಡ್ಡ ಪಿಕಪ್. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯ ತಯಾರಿಕೆ ನಿಂತದ್ದು 2022ರಲ್ಲಿ. ಕಾರನ್ನು ಮಾರದೆ ಉಳಿಸಿಕೊಂಡವರು ಮುಂಗಾರಿಗೆ ಮುಂಚೆ ತಾವೇ ಸ್ಪ್ಯಾನರ್ ಹಿಡಿದಿದ್ದಾರೆ. ಮನೆಯಂಗಳದಲ್ಲಿ ಯಾವ ಕೆಲಸ ಮಾಡಬಹುದು? ಯಾವುದಕ್ಕೆ ಕೈ ಹಾಕಬಾರದು?

ರಾಜಾಜಿನಗರದ ಒಂದು ಅಡ್ಡರಸ್ತೆ. ಮೇ ಕೊನೆಯ ಭಾನುವಾರ, ಬೆಳಿಗ್ಗೆ ಏಳೂವರೆ. ರಾತ್ರಿ ಸುರಿದ ಮಳೆಗೆ ಗುಲ್‌ಮೊಹರ್ ಎಸಳುಗಳು ರಸ್ತೆ ತುಂಬ ಅಂಟಿಕೊಂಡಿವೆ. ಪೋರ್ಟಿಕೋದಲ್ಲಿ ಕೆಂಪು ಪೋಲೊ ಜಿಟಿ ಮೂರೇ ಚಕ್ರದ ಮೇಲೆ ನಿಂತಿದೆ. ಬಿಚ್ಚಿದ ನಾಲ್ಕನೆಯ ಚಕ್ರವನ್ನು ಬಾಗಿಲ ಕೆಳಗೆ, ಕಾರಿನ ಅಡಿಗೆ ಮಲಗಿಸಿದ್ದಾರೆ. ಜ್ಯಾಕ್ ಜಾರಿದರೂ ಕಾರು ಮೈಮೇಲೆ ಬೀಳದಿರಲಿ ಎಂದು.

‘ಪುಟ್ಟಿ, ಸ್ಟ್ಯಾಂಡ್ ಕೊಟ್ಟಿದೀಯಾ?’

‘ಕೊಟ್ಟಿದೀನಪ್ಪಾ. ಹ್ಯಾಂಡ್‌ಬ್ರೇಕ್ ಹಾಕಿದೀನಿ, ಹಿಂದಿನ ಚಕ್ರಕ್ಕೆ ಕಲ್ಲೂ ಇಟ್ಟಿದೀನಿ.’

‘ಇನ್ನೊಂದ್ಸಲ ಅಲ್ಲಾಡ್ಸಿ ನೋಡು. ಆಮೇಲೆ ಕೈ ಹಾಕು.’

ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ದುಡಿದು ನಿವೃತ್ತರಾದವರು. ಮಗಳು ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಕಾರು ಅವಳದು, ಸ್ಪ್ಯಾನರ್ ಪೆಟ್ಟಿಗೆ ಅವರದು. ಇವತ್ತಿನ ಕೆಲಸ ಮುಂದಿನ ಬ್ರೇಕ್ ಪ್ಯಾಡ್ ಬದಲಾವಣೆ. ಮುಂದಿನ ವಾರ ಅವಳು ಗೆಳತಿಯರ ಜೊತೆ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುವವಳಿದ್ದಾಳೆ. ಘಾಟಿ ಇಳಿಯುವ ಮುಂಚೆ ಪ್ಯಾಡ್ ಎಷ್ಟು ಉಳಿದಿದೆ ಎಂದು ಕಣ್ಣಾರೆ ನೋಡಬೇಕು ಅನ್ನುವುದು ಆ ಮನೆಯ ಕಟ್ಟಳೆ.

ಆ ಕಟ್ಟಳೆ ನನಗೆ ಬಹಳ ಸರಿ ಅನ್ನಿಸುತ್ತದೆ. ಮಾಮೂಲಿ ಕಾರಿಗೂ ಅದು ಒಳ್ಳೆಯದೇ, ಆದರೆ ಇಂಥ ಕಾರಿಗೆ ಅದು ಬೇಕೇ ಬೇಕು.

ಚಾಕಣದ ಚೂಟಿ

ಪುಣೆ ಬಳಿಯ ಚಾಕಣದ ಕಾರ್ಖಾನೆಯಲ್ಲಿ ತಯಾರಾದ ಪೋಲೊ 2010ರಲ್ಲಿ ನಮ್ಮ ರಸ್ತೆಗೆ ಬಂತು. ಗಟ್ಟಿ ಬಾಗಿಲು, ಹಿಡಿತದ ಸ್ಟೇರಿಂಗ್, ಆದರೆ ಎಂಜಿನ್ ಮಾತ್ರ ಸಪ್ಪೆ. ಆ ಕೊರತೆ ತೀರಿದ್ದು 2013ರ ಏಪ್ರಿಲ್‌ನಲ್ಲಿ, ಜಿಟಿ ಟಿಎಸ್‌ಐ ಬಂದಾಗ. ಎಂಜಿನ್ ಗಾತ್ರ ಬರೀ 1.2 ಲೀಟರ್. ಟರ್ಬೊ ಮತ್ತು ಡೈರೆಕ್ಟ್ ಇಂಜೆಕ್ಷನ್ ಸೇರಿ ಅದರಿಂದ 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ ಹೊರಟಿತು. ಜೊತೆಗೆ ಎರಡು ಕ್ಲಚ್ಚಿನ, ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿ. ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ 9.7 ಸೆಕೆಂಡ್ ಎಂದು ಕಂಪನಿ ಹೇಳಿತು. ಶೋರೂಮ್ ಬೆಲೆ 7.99 ಲಕ್ಷ ರೂಪಾಯಿ. ಮಧ್ಯಮ ವರ್ಗದ ಮನೆಯೊಂದು ಸಾಲ ಮಾಡಿ ಕೊಳ್ಳಬಹುದಾದ ನಿಜವಾದ ವೇಗದ ಕಾರು ಅದಾಗಿತ್ತು.

2020ರಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದಾಗ ಆ ಎಂಜಿನ್ ಹೋಗಿ, ಮೂರು ಸಿಲಿಂಡರಿನ 1.0 ಟಿಎಸ್‌ಐ ಬಂತು. ಶಕ್ತಿ 110 ಪಿಎಸ್‌ಗೆ ಏರಿತು. ಡಿಎಸ್‌ಜಿ ಬದಲು ಆರು ಗೇರಿನ ಸಾಮಾನ್ಯ ಆಟೊಮ್ಯಾಟಿಕ್ ಬಂತು. 2022ರ ಏಪ್ರಿಲ್‌ನಲ್ಲಿ ‘ಲೆಜೆಂಡ್’ ಹೆಸರಿನ 700 ಕಾರುಗಳನ್ನು ಬಿಟ್ಟು ಕಂಪನಿ ಪೋಲೊಗೆ ವಿದಾಯ ಹೇಳಿತು.

ಅಂದಿನಿಂದ ಈ ಕಾರಿನ ಮೇಲೆ ಮಾಲೀಕರ ಅಕ್ಕರೆ ಹೆಚ್ಚಿದೆ. ಹೆಚ್ಚಿನ ಕಾರುಗಳ ವಾರಂಟಿ ಮುಗಿದಿದೆ, ಸರ್ವಿಸ್ ಸೆಂಟರಿನ ಬಿಲ್ಲು ಭಾರ. ಹಾಗೆಂದು ಮಾರಿದರೆ ಅದೇ ಹಣಕ್ಕೆ ಅಂಥದೇ ಹೊಸ ಕಾರು ಸಿಗದು. ಉಳಿದ ದಾರಿ ಒಂದೇ: ಕಲಿತು ನೋಡಿಕೊಳ್ಳುವುದು.

ಬಿಸಿ, ಬಿಸಿ, ಬಿಸಿ

ಸಣ್ಣ ಎಂಜಿನ್ನಿನಿಂದ ದೊಡ್ಡ ಕೆಲಸ ತೆಗೆದರೆ ಅದರ ಬೆಲೆ ತೆರಬೇಕಾದದ್ದು ಶಾಖದ ರೂಪದಲ್ಲಿ. ಟರ್ಬೊ ಚಕ್ರ ಪೂರ್ತಿ ವೇಗದಲ್ಲಿ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅದರ ಒಂದು ಬದಿಗೆ ಬಡಿಯುವ ಹೊಗೆ ಒಂಬೈನೂರು ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯಬಲ್ಲದು. ನಡುವಿನ ಸಣ್ಣ ಶಾಫ್ಟನ್ನು ಹೊತ್ತಿರುವುದು ತೆಳ್ಳನೆಯ ಆಯಿಲ್ ಪದರ ಮಾತ್ರ. ಆಯಿಲ್ ಹಳಸಿದರೆ ಅಥವಾ ಮಟ್ಟ ಇಳಿದರೆ ಮೊದಲ ಪೆಟ್ಟು ಬೀಳುವುದು ಅಲ್ಲಿಗೇ.

ಹಾಗಾಗಿ ಮನೆಯಲ್ಲಿ ಮಾಡುವ ಮೊದಲ ಕೆಲಸ ಆಯಿಲ್‌ದು. ಕಂಪನಿಯ ಲೆಕ್ಕದಲ್ಲಿ ಸರ್ವಿಸ್ 15,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ. ಸಿಲ್ಕ್ ಬೋರ್ಡಿನಲ್ಲಿ, ಹೆಬ್ಬಾಳದಲ್ಲಿ ತೆವಳುವ ಕಾರಿಗೆ ಈ ಅಂತರ ಹೆಚ್ಚಾಯಿತು. ಅಲ್ಲಿ ಮೀಟರ್ ಓಡುವುದಿಲ್ಲ, ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಎಂಟರಿಂದ ಹತ್ತು ಸಾವಿರ ಕಿ.ಮೀ. ನಡುವೆ ಬದಲಿಸುವುದು ಜಾಣತನ.

ಬೇಕಾಗುವುದು ಸುಮಾರು ನಾಲ್ಕು ಲೀಟರ್ ಸಿಂಥೆಟಿಕ್ ಆಯಿಲ್. ಡಬ್ಬದ ಮುಂದೆ 5ಡಬ್ಲ್ಯು-40 ಎಂದು ಬರೆದಿದ್ದರೆ ಸಾಲದು. 1.2 ಟಿಎಸ್‌ಐಗೆ ಕಂಪನಿಯ 502 00 ಮಾನದಂಡ ಡಬ್ಬದ ಹಿಂದೆ ನಮೂದಾಗಿರಬೇಕು. 1.0 ಟಿಎಸ್‌ಐ ಇದ್ದವರು ತಮ್ಮ ಮ್ಯಾನ್ಯುಯಲ್‌ನಲ್ಲಿರುವ ಸಂಖ್ಯೆ ನೋಡಿಕೊಳ್ಳಲಿ. ಕೆಳಗಿನ ಡ್ರೇನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು ಹಾಕಿ. ಬೋಲ್ಟನ್ನು ರಟ್ಟೆಯ ಬಲದಿಂದ ಬಿಗಿಯದೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ. ಥ್ರೆಡ್ ಹೋದರೆ ಇಡೀ ಸಂಪ್ ಬದಲಿಸುವ ಖರ್ಚು ಬರುತ್ತದೆ. ಪೂರ್ತಿ ನಾಲ್ಕು ಲೀಟರನ್ನು ಒಮ್ಮೆಗೇ ಸುರಿಯುವುದೂ ತಪ್ಪು. ಮೂರೂವರೆ ಹಾಕಿ, ಎಂಜಿನ್ ಒಮ್ಮೆ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರುವ ಕಡ್ಡಿ ತೆಗೆದು ನೋಡುತ್ತ ತುಂಬಬೇಕು.

ಎರಡು ಸಲ ಪೆಟ್ರೋಲ್ ತುಂಬಿಸುವಷ್ಟರಲ್ಲಿ ಒಮ್ಮೆ ಈ ಕಡ್ಡಿ ನೋಡುವ ರೂಢಿ ಇಟ್ಟುಕೊಂಡರೆ ಟರ್ಬೊದ ಆಯುಷ್ಯದ ಬಗ್ಗೆ ಅರ್ಧ ಚಿಂತೆ ಹೋಯಿತು. ಇನ್ನರ್ಧ ಚಾಲಕನ ಕಾಲಲ್ಲಿದೆ. ಹೆದ್ದಾರಿಯಲ್ಲಿ ಹಿಂಡಿಕೊಂಡು ಬಂದ ಕಾರನ್ನು ಹೋಟೆಲ್ ಮುಂದೆ ತಟ್ಟನೆ ಆಫ್ ಮಾಡಬಾರದು. ಕೊನೆಯ ಒಂದೆರಡು ಕಿ.ಮೀ. ಮೆಲ್ಲಗೆ ಬನ್ನಿ. ಇಲ್ಲದಿದ್ದರೆ ಕಾದ ಶಾಫ್ಟಿನ ಸುತ್ತ ನಿಂತ ಆಯಿಲ್ ಕರಕಲಾಗುತ್ತದೆ.

ಏರ್ ಫಿಲ್ಟರ್, ಎ.ಸಿ. ಫಿಲ್ಟರ್ ಬದಲಾವಣೆಗೆ ಗ್ಯಾರೇಜೇ ಬೇಕಿಲ್ಲ. ಎ.ಸಿ. ಫಿಲ್ಟರ್ ಗ್ಲೋವ್ ಬಾಕ್ಸಿನ ಕೆಳಗಿದೆ. ಹೊರಗೆಳೆದ ಹಳೆಯದನ್ನು ಒಮ್ಮೆ ಕಣ್ಣಲ್ಲಿ ನೋಡಿದವರು ಮತ್ತೆಂದೂ ತಡ ಮಾಡುವುದಿಲ್ಲ.

ನಿಲ್ಲುವುದೂ ಪರ್ಫಾರ್ಮೆನ್ಸೇ

ಮತ್ತೆ ಆ ಅಪ್ಪ-ಮಗಳ ಕೆಲಸಕ್ಕೆ ಬರುತ್ತೇನೆ, ಏಕೆಂದರೆ ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ನಮ್ಮಲ್ಲಿನ ಪೋಲೊ ಜಿಟಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚು ಸವೆಯುವುದು ಮುಂದಿನ ಪ್ಯಾಡ್‌ಗಳೇ. ತಗಡು ಬಿಟ್ಟು ಉಜ್ಜುವ ಭಾಗ ಎರಡು ಮಿಲಿಮೀಟರಿಗೆ ಬಂದರೆ ಅದು ಕೊನೆಯ ಮಿತಿ. ಮೂರಕ್ಕೆ ಬಂದಾಗಲೇ ಬದಲಿಸುವುದು ಲೇಸು. ಎಡ, ಬಲ ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ರಬ್ಬರ್ ಪೈಪಿನಿಂದ ಜೋತಾಡಲು ಬಿಡಬಾರದು, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಪಿಸ್ಟನ್ನನ್ನು ಸಿ-ಕ್ಲ್ಯಾಂಪ್ ಹಾಕಿ ನಿಧಾನಕ್ಕೆ ಒಳಗೆ ತಳ್ಳಬೇಕು. ಆಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಉಕ್ಕಿ ಪೇಂಟಿನ ಮೇಲೆ ಬಿದ್ದರೆ ಬಣ್ಣ ತಿನ್ನುತ್ತದೆ. ಜಾರುವ ಪಿನ್ನುಗಳನ್ನು ಒರೆಸಿ ಶುಚಿ ಮಾಡಬೇಕು. ಎಲ್ಲ ಜೋಡಿಸಿದ ಮೇಲೆ, ಕಾರು ಕದಲಿಸುವ ಮುಂಚೆ, ಪೆಡಲ್ ಗಟ್ಟಿಯಾಗುವವರೆಗೂ ತುಳಿಯಬೇಕು. ಇದನ್ನು ಮರೆತು ಗೇಟಿನಾಚೆ ಕಾರು ತಂದರೆ ಮೊದಲ ಬ್ರೇಕ್‌ಗೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಪ್ಯಾಡ್ ಕಣ್ಣಿಗೆ ಕಾಣುತ್ತದೆ, ಬ್ರೇಕ್ ಆಯಿಲ್ ಕೆಟ್ಟದ್ದು ಕಾಣುವುದಿಲ್ಲ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಡಬ್ಬದಂತೆ ಅದು ಗಾಳಿಯ ತೇವ ಹೀರುತ್ತ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಾನದಂಡವೇ 155ಕ್ಕೆ ಇಳಿಯುತ್ತದೆ. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಒಂದರ ಹಿಂದೊಂದು ಬ್ರೇಕ್ ಒತ್ತುತ್ತ ಇಳಿಯುವಾಗ ಆಯಿಲ್ ಕುದ್ದರೆ ಪೈಪಿನೊಳಗೆ ಆವಿ ತುಂಬುತ್ತದೆ. ಆವಿಯನ್ನು ಒತ್ತಿದರೆ ಒತ್ತಿಕೊಳ್ಳುತ್ತದೆ, ಬ್ರೇಕ್ ಹಿಡಿಯದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು. ಮೊದಲ ಸಲ ಇದನ್ನು ಬಲ್ಲವರ ಎದುರಿಗೇ ಮಾಡಿ. ಪೈಪಿಗೆ ಗಾಳಿ ಹೊಕ್ಕರೆ ತೆಗೆಯುವುದು ಕಷ್ಟ.

ಚಕ್ರ ವಾಪಸ್ ಕೂರಿಸುವಾಗ ಇನ್ನೊಂದು ಎಚ್ಚರ. ಪೋಲೊಗೆ ಇರುವುದು ನಟ್ ಅಲ್ಲ, ಬೋಲ್ಟ್. 17 ನಂಬರಿನ ಸಾಕೆಟ್, 120 ನ್ಯೂಟನ್ ಮೀಟರ್ ಬಿಗಿ. ಪಂಕ್ಚರ್ ಅಂಗಡಿಗಳ ಗಾಳಿ ಗನ್ ಅದಕ್ಕಿಂತ ಎಷ್ಟೋ ಬಿಗಿದು ಕಳಿಸಬಲ್ಲದು. ರಾತ್ರಿ ಮಳೆಯಲ್ಲಿ, ಸಕಲೇಶಪುರದ ತಿರುವಿನಲ್ಲಿ ಸ್ಟೆಪ್ನಿ ಹಾಕಬೇಕಾಗಿ ಬಂದಾಗ ಆ ಬೋಲ್ಟ್ ಜಪ್ಪಯ್ಯ ಅಂದರೂ ಬರುವುದಿಲ್ಲ.

■ ಪೆಟ್ಟಿಗೆಯಲ್ಲಿ ಇರಬೇಕಾದ್ದು

ಹೈಡ್ರಾಲಿಕ್ ಟ್ರಾಲಿ ಜ್ಯಾಕ್, ಎರಡು ಜ್ಯಾಕ್ ಸ್ಟ್ಯಾಂಡ್. ಕಾರಿನ ಜೊತೆ ಬಂದ ಜ್ಯಾಕ್ ಸ್ಟೆಪ್ನಿ ಹಾಕಲು ಮಾತ್ರ, ಅದನ್ನೇ ನಂಬಿ ಯಾವ ಕಾರಣಕ್ಕೂ ಕಾರಿನಡಿ ಹೋಗಬಾರದು.

ಟಾರ್ಕ್ ರೆಂಚ್, ಸಾಕೆಟ್ ಸೆಟ್, ಅಲೆನ್ ಕೀ, ಟಾರ್ಕ್ಸ್ ಬಿಟ್‌ಗಳು. ಜರ್ಮನ್ ಕಾರಿನಲ್ಲಿ ನಕ್ಷತ್ರಾಕಾರದ ತಲೆಯ ಸ್ಕ್ರೂಗಳೇ ಹೆಚ್ಚು.

ಒಬಿಡಿ ಸ್ಕ್ಯಾನರ್. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಎಂಜಿನ್ ಲೈಟ್ ಯಾಕೆ ಹತ್ತಿತು ಎಂದು ಹೇಳುತ್ತದೆ. ಪಿ0299 ಅಂದರೆ ಟರ್ಬೊ ಒತ್ತಡ ಕಡಿಮೆ, ಪಿ0300 ಅಂದರೆ ಸಿಲಿಂಡರ್‌ಗಳು ಮಿಸ್ ಹೊಡೆಯುತ್ತಿವೆ.

ಕೈಗವಸು, ಕಣ್ಣಿಗೆ ಕನ್ನಡಕ. ಇವನ್ನು ಕೊನೆಗೆ ಬರೆದದ್ದು ಜಾಗದ ಕಾರಣಕ್ಕೆ, ಮಹತ್ವ ಕಡಿಮೆ ಎಂದಲ್ಲ.

ಹೂವು, ಹೆಗ್ಗಣ, ಅಂಡರ್‌ಪಾಸ್

ಬಾನೆಟ್ಟಿನ ಹಿಂದೆ, ಗಾಜಿನ ಬುಡದಲ್ಲಿ ವೈಪರ್ ಕೂರುವ ಒಂದು ತೊಟ್ಟಿಯಿದೆ. ಗಾಜಿನ ಮೇಲಿನ ಮಳೆನೀರೆಲ್ಲ ಅಲ್ಲಿಗಿಳಿದು ಎರಡೂ ಬದಿಯ ತೂಬಿನಿಂದ ಹೊರಹೋಗಬೇಕು. ಹೊಂಗೆ, ಗುಲ್‌ಮೊಹರ್, ಮಳೆಮರಗಳ ಅಡಿಯಲ್ಲಿ ನಿಲ್ಲುವ ಬೆಂಗಳೂರಿನ ಕಾರುಗಳಲ್ಲಿ ಈ ತೂಬು ಎಲೆ-ಹೂವಿನಿಂದ ಕಟ್ಟಿಕೊಳ್ಳುತ್ತದೆ. ನೀರು ತುಂಬಿ ಕಾರಿನೊಳಗೆ ಇಳಿಯುತ್ತದೆ. ಕಾಲ ಬಳಿಯ ಕಾರ್ಪೆಟ್ ಒದ್ದೆ, ಮುಗ್ಗಲು ವಾಸನೆ, ಆಮೇಲೆ ವೈರಿಂಗ್ ತಕರಾರು. ಕೈ ಹಾಕಿ ಕಸ ತೆಗೆದು, ಒಂದು ಚೊಂಬು ನೀರು ಹೊಯ್ದು, ಕೆಳಗೆ ಸುರಿಯಿತೇ ನೋಡಿದರೆ ಮುಗಿಯಿತು. ದಮ್ಮಡಿ ಖರ್ಚಿಲ್ಲದ ಕೆಲಸ.

ಮಳೆ ಹಿಡಿದ ಮೇಲೆ ಬಿಲ ಬಿಟ್ಟ ಹೆಗ್ಗಣಗಳು ಬೆಚ್ಚನೆಯ ಎಂಜಿನ್ ಹುಡುಕಿ ಬರುತ್ತವೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಗಳಲ್ಲಿ ಇದು ದಿನನಿತ್ಯದ ಗೋಳು. ಸೆನ್ಸರುಗಳೇ ತುಂಬಿರುವ ಇಂಥ ಕಾರಿನಲ್ಲಿ ಒಂದು ತೆಳ್ಳಗಿನ ವೈರ್ ಕಡಿದರೂ ಎಂಜಿನ್ ಲೈಟ್ ಹತ್ತುತ್ತದೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಹಿಕ್ಕೆ, ಕಡಿದ ಫೋಮು, ಎಳೆದು ತಂದ ಸಿಪ್ಪೆ ಇದೆಯೇ ನೋಡಬೇಕು. ಕಾರನ್ನು ದಿನಗಟ್ಟಲೆ ಒಂದೇ ಕಡೆ ನಿಲ್ಲಿಸದಿರುವುದೂ ಒಂದು ಉಪಾಯ.

ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ ಇಳಿಯಲೇಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡದ್ದು ಈ ಊರು ಮರೆಯಬಾರದ ದುರಂತ. ಜೀವದ ಮಾತು ಮೊದಲು. ಎಂಜಿನ್ನಿನ ಮಾತು ಆಮೇಲೆ: ನೀರಿನಲ್ಲಿ ಕಾರು ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಕೂಡದು. ಸಿಲಿಂಡರಿನೊಳಗೆ ಹೊಕ್ಕ ನೀರು ಅದುಮಿದರೆ ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೊರಗೆ ತಳ್ಳಿ, ಟೋ ಮಾಡಿಸಿ.

ಟೈರಿನ ಬಗ್ಗೆ ಒಂದೇ ಮಾತು. ಗಾಡಿಯಲ್ಲಿ ರಸ್ತೆ ಮುಟ್ಟುವುದು ಅದೊಂದೇ. ಅಂಚಿನಲ್ಲಿ ನಾಲ್ಕು ಅಂಕಿಗಳಿರುತ್ತವೆ, 2319 ಅಂದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಗೆರೆಯ ಆಳ 1.6 ಮಿ.ಮೀ.ಗೆ ಬಂದರೆ ಕಾನೂನಿನ ಮಿತಿ ಮುಗಿಯಿತು, ಮಳೆಯಲ್ಲಿ ಹಿಡಿತ ಅದಕ್ಕೂ ಬಹಳ ಮುಂಚೆಯೇ ಹೋಗಿರುತ್ತದೆ. ಗಾಳಿಯ ಲೆಕ್ಕ ಪೆಟ್ರೋಲ್ ಮುಚ್ಚಳದ ಒಳಬದಿ ಅಂಟಿಸಿದ ಚೀಟಿಯಲ್ಲಿದೆ.

ಆ ಚೀಟಿಯ ಹತ್ತಿರವೇ ಕಾರಿಗೆ ಎಂಥ ಪೆಟ್ರೋಲ್ ಎಂಬುದೂ ಇರುತ್ತದೆ, ಅದನ್ನೂ ಓದಿ. ಇಪ್ಪತ್ತು ಶೇಕಡಾ ಎಥೆನಾಲ್ ಬೆರೆತ ಇ20ಗೆ ಒಗ್ಗುವ ಭಾಗಗಳು ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2023ರ ಏಪ್ರಿಲ್‌ನಿಂದ. ಪೋಲೊ ಅದಕ್ಕೂ ಮುಂಚೆಯೇ ನಿಂತಿತ್ತು. ಬಾನೆಟ್ ಎತ್ತಿದಾಗಲೆಲ್ಲ ಪೆಟ್ರೋಲ್ ಪೈಪುಗಳಲ್ಲಿ ಬಿರುಕು, ಒದ್ದೆ, ವಾಸನೆ ಇದೆಯೇ ನೋಡುವುದು ಕ್ಷೇಮ.

ಇಲ್ಲಿಗೆ ನಿಲ್ಲಿಸಿ

ಮನೆಯಲ್ಲಿ ಕೈ ಹಾಕಬಾರದ ಜಾಗ ಡಿಎಸ್‌ಜಿ.

1.2 ಟಿಎಸ್‌ಐನಲ್ಲಿರುವುದು ಡಿಕ್ಯು200 ಎಂಬ ಗೇರ್‌ಬಾಕ್ಸ್. ಒಳಗೆ ಎರಡು ಒಣ ಕ್ಲಚ್‌ಗಳು. ಒಂದು 1, 3, 5, 7ನೇ ಗೇರ್ ನೋಡಿಕೊಂಡರೆ ಇನ್ನೊಂದು 2, 4, 6ನ್ನು. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿರುತ್ತದೆ, ಅದಕ್ಕೇ ಅಷ್ಟು ಚುರುಕು. ಇದನ್ನೆಲ್ಲ ಆಳುವುದು ಮೆಕಾಟ್ರಾನಿಕ್ ಎಂಬ ಘಟಕ, ಅಂದರೆ ಕಂಪ್ಯೂಟರ್ ಮತ್ತು ಹೈಡ್ರಾಲಿಕ್ ಒಂದೇ ಡಬ್ಬಿಯಲ್ಲಿ. ಈ ಗೇರ್‌ಬಾಕ್ಸ್ ಜಗತ್ತಿನಾದ್ಯಂತ ಕಂಪನಿಗೆ ತಲೆನೋವು ತಂದಿತ್ತು. 2013ರಲ್ಲಿ ಗೇರ್‌ಬಾಕ್ಸಿನ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ತುಂಬಲು ಹದಿನಾರು ಲಕ್ಷದಷ್ಟು ಕಾರುಗಳನ್ನು ಕಂಪನಿ ವಾಪಸ್ ಕರೆಯಿತು.

ಕ್ಲಚ್ ಬದಲಿಸಲು ವಿಶೇಷ ಸಲಕರಣೆ ಬೇಕು. ಜೋಡಿಸಿದ ಮೇಲೆ ಕಂಪ್ಯೂಟರಿನಿಂದ ಅದನ್ನು ಹೊಂದಿಸಬೇಕು. ಅಭ್ಯಾಸವಿರುವ ಗ್ಯಾರೇಜಿಗೇ ಬಿಡಿ.

ಆದರೆ ಅದರ ಬಾಳಿಕೆ ಕಾಯುವ ಕೆಲಸ ಪೂರ್ತಿ ನಿಮ್ಮದು. ಟ್ರಾಫಿಕ್ಕಿನಲ್ಲಿ ಬ್ರೇಕನ್ನು ಅರೆಬರೆ ಬಿಟ್ಟು ಇಂಚಿಂಚು ತೆವಳಿದರೆ ಒಣ ಕ್ಲಚ್ ಉಜ್ಜುತ್ತಲೇ ಕಾಯುತ್ತದೆ. ಮುಂದಿನ ಗಾಡಿ ಸ್ವಲ್ಪ ದೂರ ಹೋಗಲಿ, ಆಮೇಲೆ ಒಮ್ಮೆಗೇ ಹೊರಡಿ. ನಿಂತಾಗ ಬ್ರೇಕ್ ಪೂರ್ತಿ ಒತ್ತಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾರು ನಿಲ್ಲಿಸಿಕೊಳ್ಳುವ ಚಟ ಬಿಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಇನ್ನೊಂದು ವಿಷಯವನ್ನು ನೇರವಾಗಿ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಜಿಟಿ ಕೊಂಡ ಹುಡುಗರು ಮೊದಲ ತಿಂಗಳೇ ರೀಮ್ಯಾಪ್ ಮಾಡಿಸುತ್ತಾರೆ. ಕಂಪ್ಯೂಟರಿನಲ್ಲಿ ಅಂಕಿ ತಿದ್ದಿದರೆ ಶಕ್ತಿ ಏರುವುದು ನಿಜ. ಆದರೆ ಹಳೆಯ ಬುಷ್, ಸವೆದ ಪ್ಯಾಡ್, ಐದು ವರ್ಷದ ಟೈರಿನ ಮೇಲೆ ಆ ಶಕ್ತಿ ಸುರಿಯುವುದು ಅಪಾಯ. ಒಣ ಕ್ಲಚ್ಚಿಗೆ ಹೆಚ್ಚುವರಿ ಟಾರ್ಕ್ ಇನ್ನಷ್ಟು ಹೊರೆ. ಕಾರಿನ ಮೂಲ ಸ್ವರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯೊಡ್ಡುತ್ತದೆ ಎಂಬುದನ್ನೂ ಮರೆಯಬಾರದು. ಆ ಹಣವನ್ನು ನಾಲ್ಕು ಒಳ್ಳೆಯ ಟೈರಿಗೆ, ಲಿಂಕ್ ರಾಡ್ ಮತ್ತು ಲೋಯರ್ ಆರ್ಮ್ ಬುಷ್‌ಗೆ, ಬ್ರೇಕಿಗೆ ಹಾಕಿದರೆ ಅದೇ ಕಾರು ತಿರುವಿನಲ್ಲಿ ಹೊಸದರಂತೆ ಕಚ್ಚಿ ಓಡುತ್ತದೆ.

■ ಐವತ್ತು ತುಂಬಿದ ಜಿಟಿಐ

ಪೋಲೊ ಜಿಟಿಯ ಹಿರಿಯಣ್ಣ ಗಾಲ್ಫ್ ಜಿಟಿಐ ಜರ್ಮನಿಯಲ್ಲಿ ಮಾರಾಟಕ್ಕೆ ಬಂದದ್ದು 1976ರಲ್ಲಿ. 1.6 ಲೀಟರ್ ಎಂಜಿನ್, 110 ಪಿಎಸ್, ತೂಕ ಸುಮಾರು 810 ಕೆ.ಜಿ. ಐದು ಸಾವಿರ ಕಾರು ಮಾರಿದರೆ ಸಾಕೆಂದುಕೊಂಡಿದ್ದರು. ಮೊದಲ ತಲೆಮಾರಿನದೇ ನಾಲ್ಕೂವರೆ ಲಕ್ಷ ದಾಟಿತು. ಗಾಲ್ಫ್ ಚೆಂಡಿನ ಆಕಾರದ ಗೇರ್ ಗುಬುಟು, ಚೌಕಳಿ ಬಟ್ಟೆಯ ಸೀಟು ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ವಿನ್ಯಾಸಕಿಯ ಕಲ್ಪನೆ. 2025ರಲ್ಲಿ ಗಾಲ್ಫ್ ಜಿಟಿಐ ಆಮದಾಗಿ ಭಾರತಕ್ಕೂ ಬಂತು. ಬೆಲೆ 50 ಲಕ್ಷ ದಾಟಿತ್ತು.

ಜೆ.ಸಿ. ರಸ್ತೆಯಿಂದ ಯಾದವಗಿರಿಗೆ

ಬಿಡಿಭಾಗ ಎಲ್ಲಿ? ಬೆಂಗಳೂರಿನವರಿಗೆ ಮೊದಲ ಉತ್ತರ ಜೆ.ಸಿ. ರಸ್ತೆ. ಫಿಲ್ಟರ್, ಪ್ಯಾಡ್, ಬುಷ್, ಪ್ಲಗ್ ಅಲ್ಲಿ ಸಿಗುತ್ತವೆ. ಉಪಕರಣ ಬೇಕಾದರೆ ಎಸ್.ಜೆ.ಪಿ. ರಸ್ತೆ. ಹಳೆಯ ಕಾರುಗಳಿಂದ ಬಿಚ್ಚಿದ ದೀಪ, ಕನ್ನಡಿ, ಬಾಗಿಲ ಹಿಡಿಕೆಗೆ ಶಿವಾಜಿನಗರದ ಗುಜರಿ. ಬ್ರೇಕ್ ಪ್ಯಾಡ್, ಆಯಿಲ್ ಫಿಲ್ಟರಿನಲ್ಲಿ ನಕಲಿ ಮಾಲು ಬರುವುದುಂಟು. ಬಿಲ್ ಕೊಡದ ಅಂಗಡಿಯಲ್ಲಿ ಇವೆರಡನ್ನು ಕೊಳ್ಳಬೇಡಿ. ಹಳೆಯ ಬ್ರೇಕ್ ಭಾಗವನ್ನಂತೂ ಗುಜರಿಯಿಂದ ತರಲೇಬಾರದು.

ಮುಂದೆ ಭಾಗ ಸಿಗದೇ ಹೋದರೆ ಎಂಬ ಅಂಜಿಕೆ ಎಲ್ಲರಿಗೂ ಇದೆ. ಈ ನಾಡಿಗೆ ಅದರ ಅನುಭವವಿದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ, ಯೆಜ್ಡಿಗಳು ರಸ್ತೆಯಿಂದ ಮರೆಯಾಗಲಿಲ್ಲ. ಮಾಲೀಕರು ಕಾರ್ಬುರೇಟರ್ ಬಿಚ್ಚಲು ಕಲಿತರು, ಲೇತ್ ಅಂಗಡಿಯಲ್ಲಿ ಬುಷ್ ಕಡೆಸಿದರು, ಒಬ್ಬರ ಹತ್ತಿರ ಇದ್ದ ಕ್ಲಚ್ ಪ್ಲೇಟ್ ಇನ್ನೊಬ್ಬರಿಗೆ ಕೊಟ್ಟರು. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಆ ಬೈಕುಗಳು ಊರೂರಲ್ಲಿ ಸಾಲಾಗಿ ಹೊರಡುತ್ತವೆ. ಎಚ್‌ಎಂಟಿ, ಎಚ್‌ಎಎಲ್, ಆಡುಗೋಡಿಯ ಮೈಕೋ ಕಾರ್ಖಾನೆಗಳ ಶಿಫ್ಟ್ ಮುಗಿಸಿ ಮನೆಗೆ ಬಂದು ಅಂಗಳದಲ್ಲಿ ಗಾಡಿ ಬಿಚ್ಚುತ್ತಿದ್ದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರ ಪಕ್ಕ ಕೂತು ಕಲಿಯಲು ಇದಕ್ಕಿಂತ ಒಳ್ಳೆಯ ಕಾಲ ಬರುವುದಿಲ್ಲ.

ಕೊನೆಗೊಂದು ಕೋರಿಕೆ. ಬದಲಿಸಿದ ಹಳೆಯ ಆಯಿಲನ್ನು ದಯವಿಟ್ಟು ಚರಂಡಿಗೆ, ಖಾಲಿ ಸೈಟಿಗೆ, ಮರದ ಬುಡಕ್ಕೆ ಸುರಿಯಬೇಡಿ. ನಮ್ಮ ಬೀದಿಯ ಮಳೆನೀರಿನ ಮೋರಿ ರಾಜಕಾಲುವೆ ಸೇರುತ್ತದೆ, ರಾಜಕಾಲುವೆ ಕೆರೆ ಸೇರುತ್ತದೆ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಡಬ್ಬಕ್ಕೇ ಅದನ್ನು ತುಂಬಿ, ಮುಚ್ಚಳ ಬಿಗಿ ಮಾಡಿ, ಹಳೆಯ ಫಿಲ್ಟರಿನ ಸಮೇತ ಅದನ್ನು ಅಧಿಕೃತ ಮರುಬಳಕೆದಾರರಿಗೆ ಕೊಡುವ ಸರ್ವಿಸ್ ಸೆಂಟರಿಗೆ ತಲುಪಿಸಿ. ತೆಗೆದುಕೊಳ್ಳುತ್ತಾರೆಯೇ ಎಂದು ಬೋಲ್ಟ್ ಬಿಚ್ಚುವ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ.